ತಳದಿಂದ ಕಾಗದ ಓದುವ ಅತ್ತಿಗೆ

ಮಕ್ಕಳೇ, ನಿಮ್ಮ ತಾತನ ಅಕ್ಕ, ಅಂದರೆ ನನ್ನ ಅತ್ತಿಗೆ, ಯಾವ ಕಾಗದವನ್ನೂ ಮೇಲಿನಿಂದ ಓದಿದವರಲ್ಲ! ಲಗ್ನಪತ್ರಿಕೆಯೂ ಅಷ್ಟೇ. "ನಮ್ಮ ಅತ್ತೆಯ ಮದುವೆಗೆ ತಪ್ಪದೆ ಬನ್ನಿ" ಎಂದು ಪುಟಾಣಿಗಳು ಕರೆದಿರುವ ಕೊನೆಯ ಸಾಲು ಮೊದಲು. ಆಮೇಲೆ ಛತ್ರ, ಆಮೇಲೆ ಊಟದ ಹೊತ್ತು. ಗಂಡುಹೆಣ್ಣಿನ ಹೆಸರು ತಲುಪುವಷ್ಟರಲ್ಲಿ ಅವರಿಗೆ ಆಕಳಿಕೆ. ಒಮ್ಮೆ ಮೇಲೂರಿನಲ್ಲಿ ಹೊಟ್ಟೆ ತುಂಬ ಉಂಡು, ಕೈ ತೊಳೆದು, ನನ್ನ ಕಿವಿಯಲ್ಲಿ ಕೇಳಿದರು: "ಅಲ್ಲಾ ಕಣೇ, ಇವತ್ತು ಮದುವೆ ಯಾರ್ದು?"

ಇದೆಂಥ ಹುಚ್ಚು ಅಂತೀರಾ? ಶಿಡ್ಲಘಟ್ಟದಲ್ಲಿ ಅವರ ಮನೆಯವರದು ರೇಷ್ಮೆ ನೂಲು ತೆಗೆಯುವ ಕೆಲಸ. ರೇಷ್ಮೆಗೂಡು ಕೊಳ್ಳಲು ಮಾರುಕಟ್ಟೆಗೆ ಹೋಗುತ್ತಿದ್ದವರು ಇವರೇ. ರಾಶಿಯ ಮೇಲೆ ಬೆಳ್ಳಗಿನ ಗಟ್ಟಿ ಗೂಡು ಕಂಡರೂ ತಳದಲ್ಲಿ ಕಲೆ ಬಿದ್ದ ಮೆತ್ತನೆಯವು ಇರಬಹುದಲ್ಲ? ಕೈಯನ್ನು ಮೊಣಕೈವರೆಗೆ ತೂರಿಸಿ, ಅಡಿಯ ಗೂಡು ಎತ್ತಿ ನೋಡಿಯೇ ಹರಾಜು ಕೂಗಬೇಕು. ಆ ಅಭ್ಯಾಸ ಕೈಯಲ್ಲೇ ನಿಲ್ಲಬೇಕಿತ್ತು, ಕಣ್ಣಿಗೂ ಹತ್ತಿತು! ಹೋಟೆಲಿನಲ್ಲಿ ಉಪ್ಪಿಟ್ಟನ್ನೂ ಅಡಿಯಿಂದ ಕೆದಕುತ್ತಾರೆ.

ಹೋದ ವರ್ಷ ನಾನು ಹಾರ ಮಾಡುವ ಪುಟ್ಟ ಉದ್ಯಮ ಶುರು ಮಾಡಿದೆ. ನೂಲಿಗೆ ಬಾರದ ಗೂಡುಗಳನ್ನು ಕತ್ತರಿಸಿ, ಬಣ್ಣ ಹಾಕಿ ಪೋಣಿಸುವುದು. ನೋಂದಣಿಗೆಂದು ಸರ್ಕಾರಿ ಕಚೇರಿಗೆ ಹೋದಾಗ ನಿಮ್ಮ ಹೆಸರೇನು ಎಂದರು. ನಾನು ಸೆರಗು ತಿರುವುತ್ತ ನಿಂತೆ. ಅತ್ತಿಗೆಯೇ ನನ್ನ ಹೆಸರು ಹೇಳಿ ಬರೆಸಿದರು.

ಕೆಲವೇ ದಿನಗಳಲ್ಲಿ ದಪ್ಪ ಲಕೋಟೆ ಬಂತು. ಸರ್ಕಾರದ್ದೇ ಅನ್ನಿಸುವ ಮುದ್ರೆ. ಕೆಂಪಕ್ಷರದಲ್ಲಿ "ಕೊನೆಯ ಸೂಚನೆ". ನೋಂದಣಿ ಪ್ರಮಾಣಪತ್ರದ ಶುಲ್ಕವನ್ನು ವಾರದೊಳಗೆ ಕಟ್ಟದಿದ್ದರೆ ಪಟ್ಟಿಯಿಂದ ನನ್ನ ಹೆಸರು ತೆಗೆಯುತ್ತಾರಂತೆ!

"ಕಟ್ಟಿಬಿಡೋಣ ಅತ್ತಿಗೆ. ಪೊಲೀಸರು ಬಂದ್ರೆ?"

"ಬರ್ಲಿ, ಕಾಫಿ ಕೊಡಣ. ತಾ ಇಲ್ಲಿ."

ಕಾಗದದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಅತ್ತಿಗೆ ಕಣ್ಣಿನ ಹತ್ತಿರ ಹಿಡಿದು ಓದಿದರು: "'ಇದು ಖಾಸಗಿ ಸೇವೆ. ಸರ್ಕಾರಕ್ಕೆ ಸಂಬಂಧವಿಲ್ಲ. ಇಷ್ಟವಿದ್ದವರು ಪಡೆಯಬಹುದು.' ಅಯ್ಯೋ ದೇವುಡಾ, ತಳದಲ್ಲಿ ಎಂಥಾ ಗೂಡು ಇಟ್ಟವ್ನೆ ನೋಡೇ!"

"ಇದರಲ್ಲಿರೋ ನಂಬರಿಗೇ ಫೋನ್ ಮಾಡಿ ಕೇಳಣ್ವಾ?"

"ಗೂಡು ಮಾರೋನ್ನೇ ಗೂಡು ಹೆಂಗೈತೆ ಅಂತ ಕೇಳ್ತೀಯೇನೇ? ನಡಿ, ನೋಂದಣಿ ಮಾಡ್ಸಿದ ಕಚೇರಿಗೇ ಹೋಗಣ."

ಕಚೇರಿಯಾಕೆ ಕಾಗದ ನೋಡಿ ನಕ್ಕರು. "ಈ ನೋಂದಣಿಗೆ ಶುಲ್ಕವೇ ಇಲ್ಲಮ್ಮ. ಹೊಸದಾಗಿ ಶುರು ಮಾಡಿದವರಿಗೆಲ್ಲ ಇಂಥವು ಬರ್ತವೆ. ಕಟ್ಟಬೇಡಿ."

ಅಲ್ಲಿಗೆ ಮುಗಿಯಿತೇ? "ಅದ್ಸರಿ ಕಣಮ್ಮ, ನೀನು ಸರ್ಕಾರದೋಳೇ ಅನ್ನಕ್ಕೆ ಏನು ಗುರುತು?" ಎಂದುಬಿಟ್ಟರು ಅತ್ತಿಗೆ! ಆಕೆ ಕೊರಳಿನ ಗುರುತಿನ ಚೀಟಿ ತೋರಿಸಿದರು. ಅದನ್ನೂ ತಳದಿಂದಲೇ ಓದಿದ್ದಾಯಿತು.

ಅಂದಿನಿಂದ ಅಂಚೆಯಣ್ಣನಿಗೆ ಗ್ರಹಚಾರ. ಬ್ಯಾಂಕಿನವರು ನನಗೆ ಕಳಿಸಿದ ನಿಜವಾದ ಎಟಿಎಂ ಕಾರ್ಡನ್ನೂ ಅತ್ತಿಗೆ "ಇವೆಲ್ಲ ನಮ್ಮತ್ರ ನಡೆಯಲ್ಲಪ್ಪ" ಎಂದು ವಾಪಸ್ ಕಳಿಸಿದರು. ಬ್ಯಾಂಕಿಗೆ ಅಲೆದವಳು ಯಾರು? ನಾನೇ!

ಆದರೂ ನನ್ನ ಪುಕ್ಕಲುತನ ಹೋಗಲಿಲ್ಲ. ಮತ್ತೊಂದು ಲಕೋಟೆ ಬಂತು, ಇನ್ನೂ ದೊಡ್ಡ ಮುದ್ರೆಯೊಂದಿಗೆ. ಸುಳ್ಳೆಂದು ಗೊತ್ತಿದ್ದರೂ ಒಡೆಯದೆ ಅತ್ತಿಗೆಯ ಮುಂದೆ ಇಟ್ಟೆ.

"ನನಗೆ ಇದೆಲ್ಲ ಬೇಡ ಅತ್ತಿಗೆ. ಮುಚ್ಚಿಬಿಡ್ತೀನಿ. ಹೆಸರು ತೆಗೆದ್ರೆ ತೆಗೀಲಿ."

ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಪೋಣಿಸುತ್ತಿದ್ದ ಹಾರವನ್ನು ಮಡಿಲಿಗೆ ಇಳಿಸಿದರು.

"ನನ್ನ ತಮ್ಮ ಹೋದ್ಮೇಲೆ ನಿನ್ನ ಹೆಸರು ಹಿಡಿದು ಕರೆದೋರು ಯಾರೇ? ಅವರಮ್ಮ, ಇವರಜ್ಜಿ. ನಾನೂ 'ಕಣೇ' ಅಂತ್ಲೇ ಕಾಲ ಹಾಕ್ದೆ. ಎಲ್ಲೋ ಒಂದ್ಕಡೆ ನಿನ್ನ ಹೆಸರಿರ್ಲಿ ಅಂತ ಬರ್ಸಿದ್ರೆ, ತೆಗೀಲಿ ಅಂತೀಯಲ್ಲ!"

ಆಮೇಲೆ ಅವರು ನನ್ನ ಹೆಸರನ್ನು, ಪೂರ್ತಿಯಾಗಿ, ಮೆಲ್ಲಗೆ ಕರೆದರು.

ನಾನು ಓಗೊಟ್ಟೆ. ಕಣ್ಣೊರೆಸಿಕೊಂಡು, ಸೂಜಿಗೆ ದಾರ ಹಾಕಿ, ಅವರ ಪಕ್ಕ ಕೂತು ಹಾರದ ಇನ್ನೊಂದು ತುದಿ ಹಿಡಿದೆ.