ಶಿಷ್ಯ ಬರೆದ ಔಷಧಿ ಚೀಟಿ

ಅವಾಂತರಕ್ಕೆಲ್ಲ ಕಾರಣ ಒಂದು ಕತ್ತರಿ. ಹೇರೋಹಳ್ಳಿ ಬಸ್ ಸ್ಟಾಪಿನ ಪಕ್ಕದ ಮೆಡಿಕಲ್ ಸ್ಟೋರಿನವನು ಗಂಗಾಧರಯ್ಯನವರ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನು ಅಡ್ಡಡ್ಡ ಕತ್ತರಿಸಿ ಕೊಟ್ಟಿದ್ದ. ಹೆಸರಿದ್ದ ತುಂಡು ಅಂಗಡಿಯಲ್ಲಿ ಉಳಿಯಿತು. ಬೆಲೆ, ಎಕ್ಸ್‌ಪೈರಿ ಇದ್ದ ತುಂಡು ಮನೆಗೆ ಬಂತು. ಹದಿನೈದು ದಿನದೊಳಗೆ ಅವನು ಅಂಗಡಿಯನ್ನೇ ಬೇರೆಯವರಿಗೆ ವಹಿಸಿ ಹೊರಟುಹೋದ. ಶುಕ್ರವಾರ ಕೊನೆಯ ಮಾತ್ರೆಯೂ ಮುಗಿಯಿತು.

ಶನಿವಾರ ಬೆಳಿಗ್ಗೆ ತಿಪಟೂರಿನಲ್ಲಿ ತಂಗಿಯ ಮನೆಯಲ್ಲಿದ್ದ ಹೆಂಡತಿ ನೀಲಮ್ಮ ಫೋನ್ ಮಾಡಿ, ಸಂಜೆ ಬರುತ್ತೇನೆ, ಮಾತ್ರೆ ಇದೆಯಾ ಎಂದು ಕೇಳಿದರು. ಇನ್ನೊಂದು ತಿಂಗಳಿಗಾಗುವಷ್ಟಿದೆ ಎಂದು ಗಂಗಾಧರಯ್ಯನವರು ಹೇಳಿಬಿಟ್ಟರು. ಸುಳ್ಳನ್ನು ಸಂಜೆಯೊಳಗೆ ನಿಜ ಮಾಡೋಣವೆಂದು ಹಳೇ ಚೀಟಿ ಹುಡುಕಿ ತೆಗೆದು ಮೆಡಿಕಲ್ ಸ್ಟೋರಿಗೆ ನಡೆದರು.

ಅಲ್ಲಿ ಈಗ ಬಾಗಲಕೋಟೆ ಕಡೆಯ ಸುವರ್ಣಾ ಎಂಬ ಹೆಣ್ಣುಮಗಳಿದ್ದಳು. ಬಿಪಿ, ಶುಗರ್ ನೋಡುವ ಮಿಷನ್ನುಗಳನ್ನು ಕೌಂಟರ್ ಮೇಲೆ ದೇವರ ಪಟದ ಹಾಗೆ ಒರೆಸಿ ಜೋಡಿಸಿಟ್ಟಿದ್ದಳು. ಚೀಟಿಯನ್ನು ಬೆಳಕಿಗೆ ಹಿಡಿದಳು, ತಿರುಗಿಸಿ ಹಿಡಿದಳು.

"ಸರ, ಇದು ಎರಡೂವರಿ ಮಿಲಿಗ್ರಾಂ ಐತೋ ಇಪ್ಪತ್ತೈದ ಐತೋ ತಿಳೀವಲ್ದು. ಹೆಸರೂ ತಿಳೀವಲ್ದು. ಅದರಾಗ ಹದಿನಾಕ ತಿಂಗಳ ಹಳೇದು. ಹೊಸಾದು ಬರೆಸ್ಕೊಂಡ ಬರ್ರಿ."

ಬಿಳಿ ಮಾತ್ರೆ, ಮಧ್ಯೆ ಒಂದು ಗೀಟು ಇರುತ್ತದೆ ಎಂದು ಅವರು ವರ್ಣಿಸಿದರು. ಅಂಥವು ಅಂಗಡಿಯಲ್ಲಿ ನಲವತ್ತು ಇವೆ ಎಂದಳು.

ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಚೀಟಿಯನ್ನು ಎತ್ತಿಕೊಂಡಿತು. ಪಕ್ಕದ ಮನೆಯ ದೇವೇಂದ್ರಪ್ಪನವರದು. ವಿದ್ಯುತ್ ಕಚೇರಿಯಿಂದ ನಿವೃತ್ತರಾದ ಮೇಲೆ ಬೀದಿಯಲ್ಲಿ ಯಾರ ಕಾಗದ ಕಂಡರೂ ಓದದೆ ಬಿಡುತ್ತಿರಲಿಲ್ಲ. ಮಾಗಡಿ ರಸ್ತೆಯ ಹಂಪುಗಳ ಮೇಲೆ ಓಡುವ ಬಸ್ಸಿನಲ್ಲಿ ನಿಂತುಕೊಂಡು ಬರೆದಂತಿದ್ದ ಆ ಗೀಚನ್ನು ನೋಡಿ, ಕ್ಯೂನಲ್ಲಿದ್ದ ಆರು ಜನಕ್ಕೂ ಕೇಳಿಸುವ ಹಾಗೆ, "ಡಾಕ್ಟರ್ ಗಿರಿರಾಜ್ ಅಂದ್ರೆ ನಿಮ್ಮ ಶಿಷ್ಯಾನೇ ಅಲ್ವಾ ಮೇಷ್ಟ್ರೇ?" ಎಂದರು.

ಅದು ಗಂಗಾಧರಯ್ಯನವರ ಮರ್ಮಕ್ಕೆ ತಗುಲಿತು. ರಾಜಾಜಿನಗರದ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವರು ಅವರು. ವ್ಯಾಕರಣ ತಪ್ಪಿದರೆ ಕ್ಷಮಿಸುತ್ತಿದ್ದರು, ಅಕ್ಷರ ಸೊಟ್ಟಗಾದರೆ ಇಲ್ಲ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅವರು ತಿದ್ದಿಸಿದ ಮಕ್ಕಳು ಪ್ರತಿ ವರ್ಷ ಅಕ್ಷರದ ಸ್ಪರ್ಧೆಯಲ್ಲಿ ಬಹುಮಾನ ತರುತ್ತಿದ್ದರು. ಗಿರಿರಾಜನಂತೂ ಮೂರು ವರ್ಷ ತಂದಿದ್ದ. ಅವನು ಡಾಕ್ಟರಾದದ್ದನ್ನು ಬೀದಿಗೆಲ್ಲ ಹೇಳಿಕೊಂಡು ತಿರುಗಿದವರು ಇವರೇ. ಈಗ ಮಾತ್ರೆ ಹಿಂದಕ್ಕೆ ಸರಿದು ಮಾನ ಮುಂದಕ್ಕೆ ಬಂತು. "ಸ್ಕೂಟರ್ ತೆಗೀರಿ" ಎಂದರು ದೇವೇಂದ್ರಪ್ಪನವರಿಗೆ.

ಶ್ರೀಗಂಧದ ಕಾವಲ್‌ನ ಕ್ಲಿನಿಕ್ಕಿನಲ್ಲಿ ಟೋಕನ್ ಹತ್ತೊಂಬತ್ತು ಸಿಕ್ಕಿತು. ಮಧ್ಯಾಹ್ನ ಒಂದು ಗಂಟೆಗೆ ಒಳಗೆ ಹೋದರು. ದೇವೇಂದ್ರಪ್ಪನವರು ಹೊರಗೆ ಕುಳಿತು ಬೇರೆಯವರ ರಿಪೋರ್ಟುಗಳನ್ನು ಓದತೊಡಗಿದರು. ಗಿರಿರಾಜ್ ಮೇಷ್ಟ್ರನ್ನು ಕಂಡು ಎದ್ದು ನಿಂತ. ಗಂಗಾಧರಯ್ಯನವರು ಕೂರಲಿಲ್ಲ. ಹಳೇ ಚೀಟಿಯನ್ನು ಮೇಜಿನ ಮೇಲಿಟ್ಟು, "ಓದು" ಎಂದರು.

ಗಿರಿರಾಜ್ ಕನ್ನಡಕ ಹಾಕಿಕೊಂಡ, ತೆಗೆದ. ಚೀಟಿಯನ್ನು ಸುವರ್ಣಾ ತಿರುಗಿಸಿದ ಹಾಗೆಯೇ ತಿರುಗಿಸಿದ. ಐವತ್ತು ವರ್ಷದ ಡಾಕ್ಟರು ಏಳನೇ ಕ್ಲಾಸಿನ ದನಿಯಲ್ಲಿ, "ಇದು ಊಟದ ಟೈಮಲ್ಲಿ ಬರ್ದಿರ್ಬೇಕು ಸಾರ್" ಎಂದ. ಕೊನೆಗೆ ಕಂಪ್ಯೂಟರಿನಲ್ಲಿ ಹಳೇ ದಾಖಲೆ ಹುಡುಕಿ ತಾನು ಬರೆದದ್ದೇನೆಂದು ತಿಳಿದುಕೊಂಡ. ಬಿಪಿ ನೋಡಿದ. ಸ್ವಲ್ಪ ಏರಿದೆ, ಇವತ್ತೇ ಮಾತ್ರೆ ಶುರು ಮಾಡಿ ಎಂದ. ತಾನು ಇನ್ನು ಅರ್ಧ ಗಂಟೆಯಲ್ಲಿ ಊರಿಗೆ ಹೊರಡುವುದಾಗಿಯೂ ಸೋಮವಾರವೇ ಬರುವುದಾಗಿಯೂ ಹೇಳಿ ಪೆನ್ನು ತೆಗೆದ.

ಮೇಷ್ಟ್ರು ಬಂದು ಅವನ ಬಲ ಭುಜದ ಹಿಂದೆ ನಿಂತರು, ಹಿಂದೆ ತರಗತಿಯಲ್ಲಿ ನಿಲ್ಲುತ್ತಿದ್ದಲ್ಲೇ. ಗಿರಿರಾಜ್ ನಾಲಗೆಯನ್ನು ತುಟಿಯ ಮೂಲೆಗೆ ಒತ್ತಿಕೊಂಡು ಬರೆಯತೊಡಗಿದ. ಎರಡನೇ ಸಾಲಿನಲ್ಲಿ ಒಂದು ಬಾಲ ಗೆರೆ ದಾಟಿತು. ಮೇಷ್ಟ್ರು ಹಾಳೆ ಹರಿದು ಹೊಸ ಹಾಳೆ ತೆಗೆಸಿದರು. ಅಭ್ಯಾಸಬಲದಿಂದ ಸಹಿಯನ್ನು ಹುಳದಂತೆ ಗೀಚಲು ಹೊರಟವನಿಗೆ, "ಹೆಸರು ಅಂದ್ಮೇಲೆ ಓದೋ ಹಾಗಿರ್ಬೇಕು ಕಣೋ" ಎಂದರು. ಅವನು ಗಿರಿರಾಜ್ ಎಂದು ಇಂಗ್ಲಿಷಿನಲ್ಲಿ ಪೂರ್ತಿ, ದುಂಡಗೆ ಬರೆದ. ಹನ್ನೊಂದು ನಿಮಿಷವಾಗಿತ್ತು. ಹೊರಗೆ ಟೋಕನ್ ಇಪ್ಪತ್ತು ಬಾಗಿಲು ಬಡಿಯುತ್ತಿತ್ತು. ಆ ಗಡಿಬಿಡಿಯಲ್ಲಿ ಸೀಲು ಹಾಕುವುದು ಮರೆತೇಹೋಯಿತು.

ಮೇಷ್ಟ್ರು ಚೀಟಿಯನ್ನು ಮಡಿಚಲಿಲ್ಲ. ದೇವೇಂದ್ರಪ್ಪನವರ ಹಿಂದೆ ಸ್ಕೂಟರಿನಲ್ಲಿ ಕುಳಿತು, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಪ್ರತಿ ಸಿಗ್ನಲ್ಲಿನಲ್ಲೂ ಅದನ್ನು ಹಿಂದಕ್ಕೂ ಮುಂದಕ್ಕೂ ಹಿಡಿದು ನೋಡಿದರು.

ಮೆಡಿಕಲ್ ಸ್ಟೋರಿನಲ್ಲಿ ಅದನ್ನು ಸುವರ್ಣಾಳ ಮುಂದಿಟ್ಟು, ಎದೆ ಸೆಟೆಸಿ ನಿಂತರು. ಅವಳು ಬಹಳ ಹೊತ್ತು ನೋಡಿದಳು.

"ಸರ, ಇದು ಡಾಕ್ಟರ್ ಬರ್ದದ್ದಲ್ರಿ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅವಳು ತಾಳ್ಮೆಯಿಂದ ವಿವರಿಸಿದಳು. ಆರು ವರ್ಷದಿಂದ ಈ ಕೆಲಸದಲ್ಲಿದ್ದಾಳೆ, ಇಂಥ ಅಕ್ಷರದ ಚೀಟಿ ಒಂದನ್ನೂ ಕಂಡಿಲ್ಲ. ಸೀಲಿಲ್ಲ. ಹಳೇ ಚೀಟಿಯ ಸಹಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೇಷ್ಟ್ರು ಸಾಕ್ಷಿಗೆಂದು ದೇವೇಂದ್ರಪ್ಪನವರ ಕಡೆ ತಿರುಗಿದರು. ಅವರು ಜೀವಮಾನದಲ್ಲಿ ಮೊದಲ ಬಾರಿಗೆ ತಮಗೆ ಗೊತ್ತಿಲ್ಲದ ವಿಷಯವಿದೆ ಎಂದು ಒಪ್ಪಿಕೊಂಡರು. "ನಾನು ಹೊರಗಿದ್ದೆ ಕಣಮ್ಮ, ಬರೆಯೋದು ನೋಡ್ಲಿಲ್ಲ."

ಸುವರ್ಣಾ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಡಾಕ್ಟರು ಹೊರಟಾಯಿತು, ಮೊಬೈಲ್ ಸ್ವಿಚ್ ಆಫ್, ಸೋಮವಾರ ಮಾಡಿ ಎಂದರು ಅಲ್ಲಿಯವರು. ಹಾಗಾದರೆ ನಿಮ್ಮ ಹೆಸರು, ವಿಳಾಸ, ನಂಬರ್ ಬರೆದುಕೊಟ್ಟು ಹೋಗಿ, ಸೋಮವಾರ ವಿಚಾರಿಸಿ ಕೊಡುತ್ತೇನೆ ಎಂದು ಅವಳು ರಿಜಿಸ್ಟರ್ ಮುಂದಿಟ್ಟಳು. ತಮ್ಮ ಪ್ರಾಮಾಣಿಕತೆಯನ್ನು ಅಕ್ಷರದಲ್ಲೇ ತೋರಿಸುತ್ತೇನೆಂದು ಗಂಗಾಧರಯ್ಯನವರು ತೋಳು ಮೇಲೇರಿಸಿ, ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅತ್ಯಂತ ಚೆಂದವಾಗಿ ಬರೆದರು.

ಸುವರ್ಣಾ ರಿಜಿಸ್ಟರನ್ನು ನೋಡಿದಳು, ಚೀಟಿಯನ್ನು ನೋಡಿದಳು. ಚೀಟಿಯನ್ನು ಎತ್ತಿ ರಿಜಿಸ್ಟರಿನ ಪಕ್ಕದಲ್ಲಿಟ್ಟಳು. ಗಂಗಾಧರಯ್ಯ, ಗಿರಿರಾಜ್. ಎರಡು ಜಿ. ಅದೇ ಹೊಟ್ಟೆ, ಅದೇ ಬಾಗು, ಕೊನೆಯಲ್ಲಿ ಅದೇ ಸಣ್ಣ ಕೊಕ್ಕೆ. ಕ್ಯೂನಲ್ಲಿದ್ದವರೆಲ್ಲ ಬಗ್ಗಿ ನೋಡಿದರು.

"ಸರ, ನೀವು ಹಿರಿಯರದೀರಿ. ಹಿಂಗ ಚೀಟಿ ತಾವ ಬರ್ಕೊಂಡ ಬರಬಾರ್ದ್ರಿ" ಎಂದಳು ಮೆಲ್ಲಗೆ.

ದೇವೇಂದ್ರಪ್ಪನವರು ಒಂದು ಹೆಜ್ಜೆ ದೂರ ಸರಿದರು. ಮೇಷ್ಟ್ರು ಸಿಟ್ಟಾಗುತ್ತಾರೆಂದು ಎಲ್ಲರೂ ಕಾದರು. ಆದರೆ ಅವರು ಆ ಎರಡು ಅಕ್ಷರಗಳ ಮೇಲಿಂದ ಕಣ್ಣು ತೆಗೆಯಲೇ ಇಲ್ಲ.

"ಒಂದೇ ಥರ ಇದೆಯೇನಮ್ಮ, ನಿಜವಾಗ್ಲೂ?"

"ಕೂದಲೆಳಿ ಫರಕ ಇಲ್ರಿ ಸರ."

"ಇನ್ನೊಂದ್ಸಲ ನೋಡಿ ಹೇಳಿ."

ಅವಳು ನೋಡಿ ಮತ್ತೆ ಅದನ್ನೇ ಹೇಳಿದಳು. ಮೇಷ್ಟ್ರ ಮುಖ ಕೆಂಪಾದದ್ದನ್ನು ಕಂಡು ಸುವರ್ಣಾ ಹೆದರಿ, ಸ್ಟೂಲಿನ ಮೇಲೆ ಕೂರಿಸಿ ಪುಕ್ಕಟೆ ಬಿಪಿ ನೋಡಿದಳು. ಕ್ಲಿನಿಕ್ಕಿನಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ಇತ್ತು. ತಲೆ ಸುತ್ತಿದರೆ ಕೂಡಲೇ ಆಸ್ಪತ್ರೆಗೆ ಹೋಗಿ ಎಂದಳು. ಅವರು ತಲೆಯಾಡಿಸಿ, ರಿಜಿಸ್ಟರು ಮತ್ತು ಚೀಟಿ ಎರಡೂ ಬರುವ ಹಾಗೆ ಒಂದು ಫೋಟೋ ತೆಗೆದುಕೊಡಲು ಕೇಳಿದರು.

ಸಂಜೆ ನೀಲಮ್ಮ ಬ್ಯಾಗ್ ಇಳಿಸುವ ಮೊದಲೇ ಮೇಷ್ಟ್ರು ಅವರ ಮುಂದೆ ಮೊಬೈಲ್ ಹಿಡಿದರು. ನೀಲಮ್ಮ ದೂರಕ್ಕೆ ಹಿಡಿದು ನೋಡಿ, "ಇದೇನ್ರೀ, ಎರಡೂ ನೀವೇ ಬರ್ದಿದೀರಲ್ಲ" ಎಂದರು.

ಗಂಗಾಧರಯ್ಯನವರ ಮುಖ ಅರಳಿತು. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಯಾವ ಇನ್‌ಸ್ಪೆಕ್ಟರೂ ಇಷ್ಟು ದೊಡ್ಡ ಮಾತು ಬರೆದುಕೊಟ್ಟಿರಲಿಲ್ಲ. ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಎರಡು ಜಿ ಬಂದಾಗ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ನೀಲಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿಯನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಸೋಮವಾರ ನಾನೂ ಬರ್ತೀನಿ" ಎಂದರು. "ಆ ಡಾಕ್ಟರ ಮುಂದೆ ನೀವು ಬಾಯಿ ಬಿಡ್ಬೇಡಿ. ಅವರಿಗೆ ಬಂದ ಹಾಗೆ ಗೀಚಿಕೊಡ್ಲಿ."