ಅವಳು ಈ ಕುಟುಂಬದವಳಲ್ಲ

ಗಿಡವನ್ನು ‘ಅದು’ ಅನ್ನದೆ ‘ಅವಳು’ ಅನ್ನುವುದು ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರ ಚಟ. ಬೇರೆ ಯಾವ ಚಟವಿದ್ದಿದ್ದರೂ ಇಷ್ಟು ಅನಾಹುತ ಆಗುತ್ತಿರಲಿಲ್ಲ.

ಅವತ್ತು ಬೆಳಗ್ಗೆ ಮನೆಯ ಮೆಟ್ಟಿಲ ಮೇಲೆ ನಿಂತು ವಿಭಾಗದ ಮುಖ್ಯಸ್ಥರಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಇಷ್ಟು ವರ್ಷ ಎಲ್ಲರೂ ಮೋಸ ಹೋಗಿದೀವಿ ಸರ್. ಅವಳು ಈ ಕುಟುಂಬದವಳೇ ಅಲ್ಲ. ತಾಯಿ ಕಡೆಯಿಂದ ಸಂಬಂಧ ಜಾಲಾಡಿದೀನಿ, ಎಲ್ಲೂ ಹೊಂದಲ್ಲ. ಸಂಜೆ ನಾಲ್ಕಕ್ಕೆ ಹೊರಗೆ ಹಾಕಿಬಿಡೋಣ.”

ಹೇಳಿದ್ದು ಬಾಲ್ಕನಿಯ ಕುಂಡದಲ್ಲಿದ್ದ ಬಳ್ಳಿಯ ವಿಷಯ. ಎಲೆಯ ಹಸಿರು ಕಣಗಳಲ್ಲಿ, ಅಂದರೆ ಕ್ಲೋರೊಪ್ಲಾಸ್ಟಿನಲ್ಲಿ, ತಾಯಿಗಿಡದಿಂದ ಇಳಿದು ಬಂದ ವಂಶದ ಬರಹವಿರುತ್ತದೆ. ಮೇಷ್ಟ್ರು ಸೌತೆಕಾಯಿಯ ಕುಟುಂಬದ ಇಪ್ಪತ್ತು ಬಳ್ಳಿಗಳ ಬರಹ ಹೋಲಿಸಿದ್ದರು. ಹತ್ತೊಂಬತ್ತು ಹೊಂದಿದವು, ಇದೊಂದು ಹೊಂದಲಿಲ್ಲ. ಈ ಶೋಧವನ್ನು ಸಂಜೆ ಕಾಲೇಜಿನ ಸಮಿತಿ ಒಪ್ಪಿದರೆ ಮೇಷ್ಟ್ರ ಕೆಲಸ ಕಾಯಂ, ಇಲ್ಲವಾದರೆ ಗೇಟಿನ ಹೊರಗೆ. ಆ ಗಿಡದ ಮುಖ ನೋಡಿ ಅವರಿಗೆ ವರ್ಷವಾಗಿತ್ತು, ಅದು ಬೇರೆ ಮಾತು. ಎಲೆ ಕಿತ್ತು ಚೀಲಕ್ಕೆ ಹಾಕಿಕೊಡುವವಳು ಹೆಂಡತಿ, ಇವರು ನೋಡುವುದು ಕಂಪ್ಯೂಟರಿನ ಅಕ್ಷರ ಮಾತ್ರ.

ಎದುರುಮನೆಯ ಟೈಲರಮ್ಮನಿಗೆ ಸೂಜಿಗಿಂತ ಕಿವಿ ಚೂಪು. ಫೋನು ಜೇಬಿಗೆ ಇಳಿಯುವ ಮೊದಲೇ ಸುದ್ದಿ ಮೇಷ್ಟ್ರ ಅತ್ತೆಗೆ ಮುಟ್ಟಿತು. ಎರಡು ವರ್ಷದಿಂದ ಮಗಳ ಮನೆಯಲ್ಲೇ ಇದ್ದ ಅತ್ತೆ ಅದನ್ನು ತಮಗೇ ಅನ್ವಯಿಸಿಕೊಂಡರು.

“ನಾನು ಕುಟುಂಬದವಳಲ್ವಂತೆ. ನಮ್ಮಮ್ಮನ ಕಡೆಯವರನ್ನೂ ಜಾಲಾಡಿದಾರಂತೆ,” ಎಂದು ಮೂಗೊರೆಸಿಕೊಳ್ಳುತ್ತ ಪೆಟ್ಟಿಗೆ ತುಂಬಿದರು.

“ಸುಮ್ನೆ ಹೋಗ್ಬೇಡಿ ದೊಡ್ಡಮ್ಮ, ನಾಲ್ಕು ಜನರ ಮುಂದೆ ಕೇಳ್ಬಿಡಿ,” ಎಂದು ಟೈಲರಮ್ಮ ಉರಿಯುವ ಬೆಂಕಿಗೆ ತುಪ್ಪ ಸುರಿದಳು.

ನಾಲ್ಕು ಜನ ಒಟ್ಟಿಗೆ ಸಿಗುವ ಜಾಗ ಕಾಲೇಜಿನ ಸಮಿತಿಯ ಕೊಠಡಿ. ಮೇಷ್ಟ್ರು ಪರದೆಯ ಮೇಲೆ ಬಳ್ಳಿಗಳ ವಂಶವೃಕ್ಷ ತೋರಿಸುತ್ತ “ಈ ಹೊರಗಿನವಳು...” ಎನ್ನುವ ಹೊತ್ತಿಗೆ ಬಾಗಿಲು ತೆರೆಯಿತು. ಪೆಟ್ಟಿಗೆ, ಅತ್ತೆ, ಹೆಂಡತಿ, ಟೈಲರಮ್ಮ, ಇದೇ ಕ್ರಮದಲ್ಲಿ ಒಳಗೆ ಬಂದರು.

“ಅಳಿಯಂದ್ರೇ, ಹೊರಗೆ ಹಾಕೋದಾದ್ರೆ ನನ್ನ ಮುಖ ನೋಡಿ ಹೇಳಿ.”

ಮೇಷ್ಟ್ರು ಕೈ ಮುಗಿದರು. “ನಿಮ್ಮನ್ನಲ್ಲ ಅತ್ತೆ, ನಿಮ್ಮ ದಮ್ಮಯ್ಯ. ನಾನು ಹೇಳಿದ್ದು ಬಾಲ್ಕನಿ ಬಳ್ಳೀನ. ಅವಳು ಬೇರೆ ಕುಟುಂಬದವಳು ಅಂತ ಕಂಡುಹಿಡಿದಿದೀನಿ.”

ಅತ್ತೆಯ ಮುಖ ಅರಳಿತು. “ಅಷ್ಟೇನಾ? ಅದಕ್ಕೆ ಇಷ್ಟೆಲ್ಲ ಯಂತ್ರ ಯಾಕೆ, ನನ್ನ ಕೇಳಿದ್ರೆ ಹೇಳ್ತಿದ್ದೆ. ನಿಮ್ಮ ಬಳ್ಳಿ ಹೋದ ವರ್ಷವೇ ಸತ್ತೋಯ್ತು. ನಾನೇ ಮರೆತು ಸೋಪಿನ ನೀರು ಹುಯ್ದುಬಿಟ್ಟಿದ್ದೆ. ನೀವು ನೊಂದ್ಕೋತೀರಿ ಅಂತ ಕಾಂಪೌಂಡ್ ಪಕ್ಕದ ಕಳೆ ತಂದು ನೆಟ್ಟೆ. ಇವತ್ತಿನವರೆಗೂ ನಿಮಗೆ ಗೊತ್ತೇ ಆಗ್ಲಿಲ್ಲ ನೋಡಿ.”

ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮ ಯಂತ್ರ ಸರಿಯಾಗೇ ಇದೆ ಮೇಷ್ಟ್ರೇ,” ಎಂದರು. “ಕೆಟ್ಟಿರೋದು ಕಣ್ಣು.”

ಸತ್ತ ಬಳ್ಳಿಯನ್ನು ಸೌತೆಕಾಯಿಯ ಕುಟುಂಬದಲ್ಲೇ ಉಳಿಸಲಾಯಿತು. ಅತ್ತೆ ಪೆಟ್ಟಿಗೆ ಬಿಚ್ಚಿ ಮಗಳ ಮನೆಯಲ್ಲೇ ಉಳಿದರು. ಗೇಟಿನ ಹೊರಗೆ ಬಿದ್ದವರು ಮೇಷ್ಟ್ರೊಬ್ಬರೇ.