ಉಮಾಬಾಯಿಯ ಎರಡನೆಯ ಡಬ್ಬಿ

ನಾನು ಅಫಜಲಪುರದ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಆದಾಯ ತೆರಿಗೆಯ ಪಾಠವೂ ನನ್ನದೇ. ಅಂಥ ನನ್ನ ಸಂಬಳದಲ್ಲೇ ಎಂಬತ್ತೇಳರ ಫೆಬ್ರುವರಿಯಲ್ಲಿ ತೆರಿಗೆಯನ್ನು ಅಳತೆ ಮೀರಿ ಮುರಿದುಕೊಂಡರೆಂದರೆ ನನ್ನ ಮುಖ ಹೇಗಾಗಿರಬೇಕು, ನೀವೇ ಹೇಳಿ.

ತಪ್ಪು ಆಫೀಸಿನದಲ್ಲ. ವಿಮೆಯ ಕಂತು ಕಟ್ಟಿದ ರಸೀದಿ ತೋರಿಸಿದರೆ ತೆರಿಗೆ ಕಡಿಮೆ. ಆ ರಸೀದಿಗಳೇ ಮನೆಯಿಂದ ಅಂತರ್ಧಾನವಾಗಿದ್ದವು.

"ಸರ, ರಸೀದಿ ಇಲ್ಲಂದ್ರ ನಾ ಪೂರಾ ಮುರ್ಕೋಬೇಕಾಗ್ತದ್ರಿ" ಎಂದು ಹೆಡ್ ಕ್ಲರ್ಕ್ ಬಸವಂತರಾಯರು ದಿನಾ ಎಚ್ಚರಿಸುತ್ತಿದ್ದರು. ನಾನು ಟ್ರಂಕು ಬುಡಮೇಲು ಮಾಡಿದೆ, ಹಾಸಿಗೆ ಕೊಡವಿದೆ.

"ಉಮಾ, ರಸೀದಿ ಎಲ್ಲಿಟ್ಟೀ?"

"ನಾ ಏನ್ ಕಾಮರ್ಸ್ ಓದೇನೇನ್ರಿ? ನಿಮ್ಮ ಕಾಗದ ನಿಮಗೇ ಗೊತ್ತಿರಬೇಕು" ಎಂದು ಧರ್ಮಪತ್ನಿ ರೊಟ್ಟಿ ಬಡಿಯುತ್ತಲೇ ಇದ್ದಳು.

ಜೂನ್ ತಿಂಗಳಲ್ಲಿ ರಿಟರ್ನ್ ತುಂಬುವ ಹೊತ್ತಿಗೆ ತಾನಾಗಿಯೇ ರಸೀದಿಗಳನ್ನು ತಂದು ಕೈಗಿತ್ತಳು. "ತೊಗರಿಬ್ಯಾಳಿ ಡಬ್ಬಿಯಾಗ ಸಿಕ್ವು ನೋಡ್ರಿ."

(ಆ ಡಬ್ಬಿ ಅವಳ ಖಜಾನೆ. ಬೇಳೆಯ ತಳದಲ್ಲಿ ಅವಳು ಉಳಿತಾಯವನ್ನು ಹೂತಿಡುವುದೂ, ಹೋಟೆಲಿನ ಚಹಾ, ಮಂಡಕ್ಕಿ ಸುಸಲಾದ ತುರ್ತಿಗೆ ನಾನದನ್ನು ಉತ್ಖನನ ಮಾಡುವುದೂ ಮದುವೆಯಾದಂದಿನಿಂದ ನಡೆದು ಬಂದಿದೆ. ಫೆಬ್ರುವರಿಯಲ್ಲೂ ನನ್ನ ಕೈ ತಳದವರೆಗೆ ಹೋಗಿತ್ತು. ಸಿಕ್ಕಿದ್ದು ಬರೀ ಬೇಳೆ. ಅವಳು ಡಬ್ಬಿಯ ಹೆಸರೆತ್ತಿದಾಗಲೇ ನನಗೆ ಸಂಶಯ ಬರಬೇಕಿತ್ತು.)

ರಿಟರ್ನ್ ತುಂಬಿ ಗುಲಬರ್ಗಾಕ್ಕೆ ಹೋಗಿ ಕೊಟ್ಟು ಬಂದೆ. ಹೆಚ್ಚು ಕಟ್ಟಿದ್ದು ವಾಪಸು ಬರುತ್ತದಲ್ಲ, ಅದರಲ್ಲಿ ಸಹೋದ್ಯೋಗಿ ಅಬ್ದುಲ್ ಗನಿಯ ಹಳೆಯ ಸ್ಕೂಟರ್ ಕೊಳ್ಳುವುದೆಂದು ನಿಶ್ಚಯಿಸಿದೆ. ಆ ಬಿಸಿಲಲ್ಲಿ ಸೈಕಲ್ ತುಳಿದು ತುಳಿದು ನನಗೆ ನಿಜಕ್ಕೂ ಬೇಸರ ಬಂದಿತ್ತು.

"ವಾಮನರಾವ್, ಗಾಡಿ ನಿಮ್ಮದೇ ಅಂತ ತಿಳ್ಕೋರಿ. ರೊಕ್ಕ ಬಂದ ದಿನ ಚಾವಿ ಒಯ್ರಿ" ಎಂದ ಗನಿ.

ಅಂದಿನಿಂದ ಮನಸ್ಸಿನಲ್ಲೇ ಆ ಗಾಡಿಯ ಮೇಲೆ ಹವಳಗಾ, ಮಣ್ಣೂರ ಅಂತ ಸುತ್ತಲಿನ ಊರುಗಳನ್ನೆಲ್ಲ ಸುತ್ತಿ ಬಂದೆ. ನಡುವೆ ಇನ್ನೊಂದು ಫೆಬ್ರುವರಿ ಬಂತು. ಆ ವರ್ಷದ ರಸೀದಿಗಳೂ ಮಾಯ. ಸ್ಕೂಟರ್ ಗುಂಗಿನಲ್ಲಿ ನಾನದನ್ನು ಅಷ್ಟು ಹಚ್ಚಿಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ಟಪಾಲಿನಲ್ಲಿ ರಿಫಂಡಿನ ಚೆಕ್ಕು ಬಂತು. ಬ್ಯಾಂಕಿನಿಂದ ರೊಕ್ಕ ತೆಗೆದು, ಇಸ್ತ್ರಿ ಅಂಗಿ ಹಾಕಿಕೊಳ್ಳಲು ಮನೆಗೆ ಬಂದೆ. (ಬೆವರಿದ ಅಂಗಿಯಲ್ಲಿ ಹತ್ತಿದರೆ ಸ್ಕೂಟರಿಗೇ ಅವಮಾನವಲ್ಲವೆ?)

ಪಡಸಾಲೆಯಲ್ಲಿ ಬೀರುವಿನಷ್ಟು ದೊಡ್ಡ ಕೂಲರ್ ಗುರುಗುಟ್ಟುತ್ತಿತ್ತು. ಅದರ ಎದುರು ಮಟಕಿ ಊರಿನಿಂದ ಬಂದಿದ್ದ ಅತ್ತೆ ಸರಸ್ವತಿಬಾಯಿ ತಂಪಾಗಿ ನಿದ್ರಿಸುತ್ತಿದ್ದರು. ಪಕ್ಕದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಕರೀಮಸಾಬ ಚಹಾ ಕುಡಿಯುತ್ತಿದ್ದ.

"ಯಾರು ತರಿಸಿದ್ರು ಇದನ್ನ?"

"ಬಾಯಾರು ಹೋದ ವರ್ಷ ಫೆಬ್ರುವರಿಯಾಗೇ ಹೇಳಿಟ್ಟಿದ್ರು ಸರ. ರೊಕ್ಕ ಸರಕಾರದ ಕಡಿ ಇಟ್ಟೇನಿ, ಮುಂದಿನ ಬ್ಯಾಸಿಗಿಗಿ ಬರ್ತದ ಅಂದಿದ್ರು. ಟಪಾಲ ಬಂದ ದಿನಾನೇ ಹೇಳಿ ಕಳಿಸಿದ್ರು."

ಹೋದ ವರ್ಷದ ಫೆಬ್ರುವರಿ. ನಾನು ರಸೀದಿಗಾಗಿ ಹಾಸಿಗೆ ಕೊಡವುತ್ತಿದ್ದ ತಿಂಗಳು.

ಉಮಾಬಾಯಿ ನನಗೂ ಒಂದು ಕಪ್ ಚಹಾ ತಂದಳು. "ಬ್ಯಾಳಿ ಡಬ್ಬಿಯಾಗ ಇಟ್ಟದ್ದು ಒಂದೂ ಉಳೀಲಿಲ್ರಿ. ಹೆಚ್ಚ ಮುರ್ಕೊಂಡಿದ್ದು ಒಂದೇ ಗಂಟಿನಾಗ ವಾಪಸ್ ಬರ್ತದ, ನಡಕ ಯಾರ ಕೈನೂ ಹೋಗಂಗಿಲ್ಲ ಅಂತ ನೀವೇ ಹೇಳಿದ್ರಲ್ಲ."

ಹೇಳಿದ್ದೆ. ಪಾಠ ಮಾಡುವ ಮೊದಲು ಮನೆಯಲ್ಲಿ ಅವಳೆದುರು ತಾಲೀಮು ನಡೆಸುವುದು ನನ್ನ ಪದ್ಧತಿ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

ಇಸ್ತ್ರಿ ಅಂಗಿಯ ಗೋಜಿಗೆ ಹೋಗದೆ ರೊಕ್ಕವನ್ನು ಕರೀಮಸಾಬನ ಕೈಗೆ ಎಣಿಸಿದೆ. ಎಣಿಸುವಾಗಲೇ ಥಟ್ಟನೆ ನೆನಪಾಯಿತು.

"ಉಮಾ, ಈ ಫೆಬ್ರುವರಿಯಾಗೂ ರಸೀದಿ ಸಿಗಲಿಲ್ಲಲ್ಲ?"

ಅವಳು ಅಂಗಡಿಯವನ ಮುಂದಿನ ಖಾಲಿ ಕಪ್ ಎತ್ತಿಕೊಂಡಳು.

"ಕರೀಮಸಾಬ" ಎಂದಳು, "ಆ ಫ್ರಿಜ್ ಹಸರ ಬಣ್ಣದ್ದೇ ತರಸ್ರಿ. ಅವಸರ ಏನಿಲ್ಲ, ಬರೋ ಬ್ಯಾಸಿಗಿಗಿ ಆದ್ರ ಸಾಕು."